ಗಡಿಯಾಚೆಯ ವೈರ್‌ಮನ್ ಪರ್ಮಿಟ್: ಒಪ್ಪಬೇಕೇ, ಬೇಡವೇ?

ಮನೆಯಲ್ಲಿ ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್ ಬದಲಿಸಲು ಯಾರಿಗೂ ಲೈಸೆನ್ಸ್ ಬೇಡ. ಅದನ್ನು ಮೀರಿದ ವೈರಿಂಗ್ ಕೆಲಸಕ್ಕೆ ಮೂರು ಜನರ ಕಾಗದ ಬೇಕು: ರಾಜ್ಯ ಸರ್ಕಾರದ ಲೈಸೆನ್ಸ್ ಇರುವ ಗುತ್ತಿಗೆದಾರ, ಅರ್ಹತಾ ಪ್ರಮಾಣಪತ್ರ ಇರುವ ಸೂಪರ್‌ವೈಸರ್, ಪರ್ಮಿಟ್ ಇರುವ ವೈರ್‌ಮನ್. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ ಇದು 45ನೇ ನಿಯಮವಾಗಿತ್ತು. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಾವಳಿಯಲ್ಲಿ 29ನೆಯದಾಯಿತು. 2023ರ ನಿಯಮಾವಳಿಯೂ ಈ ಏರ್ಪಾಟನ್ನು ಕೈಬಿಟ್ಟಿಲ್ಲ. ನಿಯಮ ದೇಶಕ್ಕೆಲ್ಲ ಒಂದೇ ಆದರೂ ಕಾಗದ ಕೊಡುವುದು ಆಯಾ ರಾಜ್ಯ. ಒಂದು ರಾಜ್ಯ ಕೊಟ್ಟ ಕಾಗದವನ್ನು ಇನ್ನೊಂದು ರಾಜ್ಯ ಒಪ್ಪಬೇಕೇ? ಈ ಕ್ಷೇತ್ರ ಬಲ್ಲ ಇಬ್ಬರ ವಾದ ಇಲ್ಲಿದೆ.

ಪರ: ಕೆಲಸ ಮಾಡಿದವನ ಹೆಸರೇ ಕಾಗದದಲ್ಲಿ ಬರಲಿ

ಹೊಸೂರಿನ ಕಾರ್ಖಾನೆಗಳಲ್ಲಿ ಹತ್ತು ವರ್ಷ ಪ್ಯಾನಲ್ ಬೋರ್ಡ್ ಜೋಡಿಸಿದ ಸೂಪರ್‌ವೈಸರ್ ಅತ್ತಿಬೆಲೆ ದಾಟಿದ ಕೂಡಲೇ ಕಾನೂನಿನ ಲೆಕ್ಕದಲ್ಲಿ ಏನೂ ತಿಳಿಯದವನಾಗುತ್ತಾನೆ. ಮಂಜೇಶ್ವರದ ವೈರ್‌ಮನ್ ತಲಪಾಡಿ ದಾಟಿ ಉಳ್ಳಾಲಕ್ಕೆ ಬಂದರೂ ಅಷ್ಟೆ, ನಿಪ್ಪಾಣಿಯವನು ಕಾಗಲ್‌ಗೆ ಹೋದರೂ ಅಷ್ಟೆ. ಹಾಗಂತ ಇವರ್ಯಾರೂ ಮನೆಯಲ್ಲಿ ಕೂತಿಲ್ಲ. ಬರುತ್ತಾರೆ, ಪೈಪ್ ಎಳೆಯುತ್ತಾರೆ, ಡಿಬಿ (ಕರೆಂಟ್ ಹಂಚುವ ಪೆಟ್ಟಿಗೆ) ಕೂರಿಸುತ್ತಾರೆ, ಕೂಲಿ ತೆಗೆದುಕೊಂಡು ಹೋಗುತ್ತಾರೆ. ಮಾಲೀಕನಿಗೂ ಗೊತ್ತು, ಮೇಸ್ತ್ರಿಗೂ ಗೊತ್ತು. ಗೊತ್ತಿಲ್ಲದಿರುವುದು ಕಾಗದಕ್ಕೆ ಮಾತ್ರ.

ಕರ್ನಾಟಕದಲ್ಲಿ ಹೊಸ ಸಂಪರ್ಕ ಬೇಕಾದರೆ ಎಸ್ಕಾಂಗೆ (ವಿದ್ಯುತ್ ಸರಬರಾಜು ಕಂಪನಿಗೆ) ಅರ್ಜಿಯ ಜೊತೆ ವೈರಿಂಗ್ ಡಯಾಗ್ರಾಂ ಮತ್ತು ಕಂಪ್ಲೀಷನ್ ರಿಪೋರ್ಟ್ ಕೊಡಬೇಕು. ಅದಕ್ಕೆ ಇಲ್ಲಿನ ಲೈಸೆನ್ಸ್ ಇರುವ ಗುತ್ತಿಗೆದಾರನ ಸಹಿ, ಮೊಹರು ಬೇಕು. ಕೆಲಸ ಮಾಡಿದವನ ಬಳಿ ಅದಿಲ್ಲ, ಆದ್ದರಿಂದ ಸಹಿಯನ್ನು ಹೊರಗಿನಿಂದ ತರಿಸುತ್ತಾರೆ. ಅದಕ್ಕೊಂದು ರೇಟು ಇದೆ. ಸಹಿ ಹಾಕುವವನು ಕಟ್ಟಡದ ಮೆಟ್ಟಿಲನ್ನೂ ತುಳಿದಿರುವುದಿಲ್ಲ. ಹೊರಗಿನವರನ್ನು ತಡೆಯಲು ಹಾಕಿದ ಗೋಡೆ ಅವರನ್ನು ತಡೆದಿಲ್ಲ. ಮಾಡಿದವನು ಒಬ್ಬ, ಹೊಣೆ ಹೊತ್ತವನು ಇನ್ನೊಬ್ಬ ಎಂಬ ಸ್ಥಿತಿಯನ್ನಷ್ಟೇ ತಂದಿದೆ.

ಇದರಿಂದ ಏನು ಕೆಡುತ್ತದೆ ಎಂದು ತಿಳಿಯಲು ಆ ರಿಪೋರ್ಟಿನ ಒಂದೇ ಸಾಲನ್ನು ನೋಡಿದರೆ ಸಾಕು: ಇನ್ಸುಲೇಷನ್ ರೆಸಿಸ್ಟೆನ್ಸ್, ಅಂದರೆ ವೈರಿನ ತೊಗಟೆ ಕರೆಂಟ್ ಸೋರದಂತೆ ಎಷ್ಟು ತಡೆಯುತ್ತದೆ ಎಂಬ ಅಳತೆ. ಮೇನ್ ಆಫ್ ಮಾಡಿ, ಬಲ್ಬ್‌ಗಳನ್ನೂ ಎಲ್‌ಇಡಿ ಡ್ರೈವರ್‌ಗಳನ್ನೂ ಕಳಚಿ, ಎಲ್ಲ ಸ್ವಿಚ್‌ಗಳನ್ನೂ ಆನ್ ಇಟ್ಟು, 500 ವೋಲ್ಟ್ ಡಿಸಿ ಮೆಗ್ಗರ್ ಎಂಬ ಅಳತೆ ಸಾಧನದಿಂದ ಒಂದು ನಿಮಿಷ ಅಳೆಯಬೇಕು. ಫೇಸ್‌ನಿಂದ ಅರ್ಥ್, ನ್ಯೂಟ್ರಲ್‌ನಿಂದ ಅರ್ಥ್, ಫೇಸ್‌ನಿಂದ ನ್ಯೂಟ್ರಲ್ ಹೀಗೆ ಮೂರು ಬಾರಿ. 1 ಮೆಗಾಓಂಗಿಂತ ಕಡಿಮೆ ಬಂದರೆ ಕರೆಂಟ್ ಕೊಡುವಂತಿಲ್ಲ. ಹೊಸ ವೈರಿಂಗ್ ಆದರೆ ಹತ್ತಾರು, ನೂರಾರು ಮೆಗಾಓಂ ಬರಬೇಕು. ಐದೋ ಆರೋ ಬಂದರೆ ನಿಯಮದಲ್ಲಿ ಪಾಸು, ಆದರೆ ಎಲ್ಲೋ ಪೈಪಿನೊಳಗೆ ವೈರಿನ ತೊಗಟೆ ಸುಲಿದಿದೆ ಅಥವಾ ಗೋಡೆಯ ನೀರು ಜಾಯಿಂಟಿಗೆ ಇಳಿದಿದೆ ಎಂದು ಅನುಮಾನಿಸಬೇಕು. ಡ್ರೈವರ್ ಕಳಚದೆ ಅಳೆದರೆ ಡ್ರೈವರೂ ಹೋಗಬಹುದು, ರೀಡಿಂಗೂ ಸುಳ್ಳಾಗುತ್ತದೆ. ಇದೆಲ್ಲ ವೈರ್ ಎಳೆದವನ ಕೈಯಲ್ಲಿ ಮೆಗ್ಗರ್ ಇದ್ದಾಗ ಮಾತ್ರ ತಿಳಿಯುವ ವಿಷಯ. ಬಾಡಿಗೆ ಸಹಿಯ ರಿಪೋರ್ಟಿನಲ್ಲಿ ಎಲ್ಲ ಮನೆಗಳಿಗೂ ಒಂದೇ ದುಂಡು ಸಂಖ್ಯೆ.

ರಾಜ್ಯ ಬದಲಾದರೆ ವಿದ್ಯೆ ಬದಲಾಗುತ್ತದೆಯೇ? ವೋಲ್ಟೇಜ್ 230, ಫ್ರೀಕ್ವೆನ್ಸಿ 50 ಹರ್ಟ್ಜ್. ವೈರಿಂಗಿಗೆ ಐಎಸ್ 732, ಅರ್ಥಿಂಗಿಗೆ ಐಎಸ್ 3043, ಎರಡೂ ಇಡೀ ದೇಶದ ಮಾನಕಗಳು. ಐಟಿಐ ಎಲೆಕ್ಟ್ರಿಷಿಯನ್ ಟ್ರೇಡ್ ಎರಡು ವರ್ಷದ ಕೋರ್ಸ್, ಪಠ್ಯಕ್ರಮ ಕೇಂದ್ರದ್ದು. ಆ ಕೋರ್ಸಿನ ಎನ್‌ಟಿಸಿ (ರಾಷ್ಟ್ರೀಯ ಟ್ರೇಡ್) ಸರ್ಟಿಫಿಕೇಟ್ ಹಿಡಿದು ಕಲಬುರಗಿಯ ಹುಡುಗ ಅಸ್ಸಾಮಿನ ರೈಲ್ವೆ ಹುದ್ದೆಗೂ ಅರ್ಜಿ ಹಾಕಬಹುದು. ಅದೇ ಹುಡುಗ ಸೊಲ್ಲಾಪುರದಲ್ಲಿ ಮನೆ ವೈರಿಂಗ್ ಮಾಡಬೇಕಾದರೆ ಮಾತ್ರ ಹೊಸ ಅರ್ಜಿ, ಅನುಭವ ಪತ್ರ, ಶುಲ್ಕ, ಕಾಯುವಿಕೆ.

ಇದಕ್ಕೆ ಪಾರ್ಲಿಮೆಂಟಿನವರೆಗೆ ಹೋಗಬೇಕಾಗಿಲ್ಲ. ರಾಜ್ಯ ಸರ್ಕಾರ ನೀಡಿದ ಪರ್ಮಿಟ್ ಮಾತ್ರವಲ್ಲ, ಅದು ಮಾನ್ಯ ಮಾಡಿದ ಪರ್ಮಿಟ್ ಇದ್ದರೂ ಸಾಕು ಎಂದು 29ನೇ ನಿಯಮವೇ ಹೇಳಿತ್ತು. ಅಂದರೆ ಕೆಳಹಂತದ ಪರ್ಮಿಟ್‌ಗಳ ಮಟ್ಟಿಗೆ ಒಂದು ಸರ್ಕಾರಿ ಆದೇಶ ಸಾಕು. ಗುತ್ತಿಗೆದಾರನ ಲೈಸೆನ್ಸ್ ಕೊಡಬೇಕಾದದ್ದು ರಾಜ್ಯ ಸರ್ಕಾರವೇ, ಆದ್ದರಿಂದ ಅಲ್ಲಿ ಹೊಸ ಲೈಸೆನ್ಸ್ ಬೇಕಾಗುತ್ತದೆ. ಅದನ್ನು ಮರುಪರೀಕ್ಷೆ ಇಲ್ಲದೆ ಮೂಲ ರಾಜ್ಯದ ದಾಖಲೆಯ ಮೇಲೆ ಕೊಡಲು ಯಾವ ಅಡ್ಡಿಯೂ ಇಲ್ಲ.

ಬೇರೆ ಕಸುಬುಗಳು ಈ ದಾರಿಯಲ್ಲಿ ಎಷ್ಟೋ ಮುಂದೆ ಹೋಗಿವೆ. ಡ್ರೈವಿಂಗ್ ಲೈಸೆನ್ಸ್ ಇಡೀ ಭಾರತಕ್ಕೆ ಸಲ್ಲುತ್ತದೆ ಎಂದು 1988ರ ಮೋಟಾರು ವಾಹನ ಕಾಯ್ದೆಯ 13ನೇ ಸೆಕ್ಷನ್ ಹೇಳುತ್ತದೆ. ವಕೀಲರ ಕಾಯ್ದೆಯ 30ನೇ ಸೆಕ್ಷನ್ 2011ರ ಜೂನ್ 15ರಿಂದ ಜಾರಿಯಾಗಿದೆ: ಒಂದು ರಾಜ್ಯದ ಬಾರ್ ಕೌನ್ಸಿಲ್‌ನಲ್ಲಿ ಹೆಸರಿದ್ದರೆ ದೇಶದ ಎಲ್ಲ ಕೋರ್ಟುಗಳಲ್ಲೂ ವಕಾಲತ್ತು ನಡೆಸುವ ಹಕ್ಕು. ವೈದ್ಯರಿಗೆ 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ರಿಜಿಸ್ಟರ್ ಪೋರ್ಟಲ್ ಬಂತು. ಹೊರಗೆ ನೋಡುವುದಾದರೆ, ಅಮೆರಿಕದ ಅರಿಜೋನಾ 2019ರಲ್ಲಿ ಹೆಚ್ಚಿನ ವೃತ್ತಿಗಳಿಗೆ ಬೇರೆ ರಾಜ್ಯದ ಲೈಸೆನ್ಸನ್ನು ಒಪ್ಪುವ ಕಾನೂನು ಮಾಡಿತು. ಕನಿಷ್ಠ ಒಂದು ವರ್ಷದ ಲೈಸೆನ್ಸ್ ಇರಬೇಕು, ದೂರು ಬಾಕಿ ಇರಬಾರದು, ಅರಿಜೋನಾದಲ್ಲಿ ವಾಸವಿರಬೇಕು ಎಂಬ ಷರತ್ತುಗಳೊಂದಿಗೆ. ಆಸ್ಟ್ರೇಲಿಯಾದಲ್ಲಿ ಪರಸ್ಪರ ಮಾನ್ಯತೆಯ ಕಾಯ್ದೆ 1992ರದು, 2021ರ ಜುಲೈನಿಂದ ಅದಕ್ಕೆ ತಾನಾಗಿ ಮಾನ್ಯವಾಗುವ ಏರ್ಪಾಟೂ ಸೇರಿತು.

ನಮ್ಮಲ್ಲಿ ಹೇಗೆ ಮಾಡಬಹುದು? ಒಂದು ವರ್ಷ ಹಳೆಯದಾದ, ಅಮಾನತು ಇಲ್ಲದ ವೈರ್‌ಮನ್ ಮತ್ತು ಸೂಪರ್‌ವೈಸರ್ ಪರ್ಮಿಟ್‌ಗಳನ್ನು ನೇರವಾಗಿ ಒಪ್ಪಿಕೊಳ್ಳಬೇಕು. ಕೆಲಸ ಶುರುವಾಗುವ ಮುನ್ನ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಆನ್‌ಲೈನ್‌ನಲ್ಲಿ ಒಂದು ಸೂಚನೆ: ಪರ್ಮಿಟ್ ಸಂಖ್ಯೆ, ಕೆಲಸದ ಜಾಗ, ಸ್ಥಳೀಯ ವಿಳಾಸ, ಮೊಬೈಲ್. ಗುತ್ತಿಗೆದಾರನಾದರೆ ಜೊತೆಗೆ ಮೆಗ್ಗರ್, ಅರ್ಥ್ ಟೆಸ್ಟರ್, ಟಾಂಗ್ ಟೆಸ್ಟರ್‌ಗಳ ಕ್ಯಾಲಿಬ್ರೇಷನ್ ಪತ್ರವನ್ನೂ (ಅಳತೆ ಸರಿಯಿದೆ ಎಂಬ ದೃಢೀಕರಣ) ಕೊಡಲಿ. ಮೂಲ ರಾಜ್ಯ ಏಳು ದಿನದೊಳಗೆ ಆಕ್ಷೇಪ ಹೇಳದಿದ್ದರೆ ಸಂಖ್ಯೆ ಸರಿ ಎಂದೇ ಅರ್ಥ. ಎಸ್ಕಾಂ ಅರ್ಜಿ ನಮೂನೆ, ಮೀಟರ್ ಬೋರ್ಡ್ ಇಡುವ ಪದ್ಧತಿ ಇಂಥವನ್ನು ಕಲಿಯಲು ಅರ್ಧ ದಿನದ ತರಗತಿ ಸಾಕು, ಅದಕ್ಕೊಂದು ಪರೀಕ್ಷೆ ಬೇಡ.

ತುರ್ತಾಗಿ ಬೇಕಾಗಿರುವುದು ಸೋಲಾರಿಗೆ. 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದು 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಘೋಷಣೆಯಾದ ಮೇಲೆ ಚಾವಣಿ ಸೋಲಾರ್ ಕೆಲಸ ಬಲ್ಲ ತಂಡಗಳಿಗೆ ಊರೂರಲ್ಲಿ ಬೇಡಿಕೆ. ಪ್ಯಾನಲ್‌ಗಳ ಸರಣಿಯಲ್ಲಿ ನೂರಾರು ವೋಲ್ಟ್ ಡಿಸಿ ಹರಿಯುತ್ತದೆ. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಇಳಿಯುವುದರಿಂದ ಕಿಡಿ ತಾನಾಗಿ ಆರುತ್ತದೆ, ಡಿಸಿಯಲ್ಲಿ ಆರುವುದಿಲ್ಲ. ಡಿಸಿ ಕಡೆಗೆ ಎಸಿಯ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಹಾಕಿದರೆ ಅದು ತೆರೆದುಕೊಳ್ಳುವಾಗಲೇ ಒಳಗೆ ಕರಗಿ ಬೆಂಕಿ ಹತ್ತಬಹುದು. ಗುಜರಾತಿನಲ್ಲಿ ನೂರಾರು ಚಾವಣಿಗಳಲ್ಲಿ ಕೆಲಸ ಮಾಡಿ ಇದನ್ನು ಕಲಿತ ಸೂಪರ್‌ವೈಸರ್ ಹುಬ್ಬಳ್ಳಿಗೆ ಬಂದರೆ ಅವನ ಹೆಸರಿನಲ್ಲೇ ರಿಪೋರ್ಟ್ ಬರೆಸಿಕೊಳ್ಳುವುದೋ, ಅಥವಾ ಸೋಲಾರ್ ಕೆಲಸವನ್ನೇ ಮಾಡದ ಸ್ಥಳೀಯ ಲೈಸೆನ್ಸ್‌ದಾರನ ಮೊಹರು ಹಾಕಿಸುವುದೋ? ಈಗ ನಡೆಯುತ್ತಿರುವುದು ಎರಡನೆಯದು.

ವಿರೋಧ: ತಪ್ಪಾದಾಗ ಸಿಗುವವರು ಯಾರು?

ಬಾಡಿಗೆ ಸಹಿಯ ಬಗ್ಗೆ ಮೇಲಿನ ಲೇಖಕರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೆ ಮದ್ದು ಆ ರೋಗದ್ದಲ್ಲ. ಇಲ್ಲಿನ ಗುತ್ತಿಗೆದಾರ ಸಹಿ ಮಾರಿಕೊಂಡರೆ ಅವನನ್ನು ಹಿಡಿಯುವ ಅಧಿಕಾರ ಇಲ್ಲಿನ ಪರಿವೀಕ್ಷಕರಿಗೆ ಇದೆ, ಅವರು ಬಳಸುತ್ತಿಲ್ಲ ಅಷ್ಟೆ. ಸಹಿ ಹಾಕಿದವನು ಆರುನೂರು ಕಿಲೋಮೀಟರ್ ದೂರದವನಾದರೆ ಬಳಸಬೇಕೆಂದರೂ ಅಧಿಕಾರ ಇರುವುದಿಲ್ಲ.

ಲೈಸೆನ್ಸ್ ಎಂದರೆ ಜ್ಞಾನದ ಸರ್ಟಿಫಿಕೇಟ್ ಎಂಬ ತಿಳಿವಳಿಕೆಯಿಂದಲೇ ಅವರ ವಾದ ಹೊರಡುತ್ತದೆ. ಜ್ಞಾನಕ್ಕೆ ಐಟಿಐ ಸರ್ಟಿಫಿಕೇಟ್ ಇದ್ದೇ ಇದೆ, ಅದು ದೇಶಕ್ಕೆಲ್ಲ ಒಂದೇ. ಲೈಸೆನ್ಸ್ ಕೆಲಸಕ್ಕೆ ಬರುವುದು ಅವಘಡ ಆದ ಮೇಲೆ. ವಿದ್ಯುತ್ ಅವಘಡದಲ್ಲಿ ಸಾವುನೋವಾದರೆ 2003ರ ವಿದ್ಯುತ್ ಕಾಯ್ದೆಯ 161ನೇ ಸೆಕ್ಷನ್ ಪ್ರಕಾರ ವಿದ್ಯುತ್ ಪರಿವೀಕ್ಷಕರಿಗೆ ವರದಿ ಹೋಗುತ್ತದೆ, ವಿಚಾರಣೆ ನಡೆಯುತ್ತದೆ. ಆಗ ಪರಿವೀಕ್ಷಕರು ಮೊದಲು ಕೇಳುವುದು ಕಂಪ್ಲೀಷನ್ ರಿಪೋರ್ಟನ್ನು. ಅದರಲ್ಲಿರುವ ಸಂಖ್ಯೆ ಅವರದೇ ಇಲಾಖೆಯದಾದರೆ ಕಡತ ತೆಗೆದು, ನೋಟಿಸ್ ಕೊಟ್ಟು, ಅಮಾನತು ಮಾಡಬಹುದು. ಬೇರೆ ರಾಜ್ಯದ್ದಾದರೆ ಅಲ್ಲಿನ ಲೈಸೆನ್ಸಿಂಗ್ ಬೋರ್ಡಿಗೆ ಪತ್ರ ಬರೆಯಬೇಕು. ಆ ಬೋರ್ಡಿಗೆ ನಮ್ಮ ವಿಚಾರಣಾ ವರದಿಯನ್ನು ಒಪ್ಪಲೇಬೇಕೆಂಬ ಕಟ್ಟುಪಾಡಿಲ್ಲ. ಉತ್ತರ ಬರುವವರೆಗೆ ಅವನು ಪಕ್ಕದ ಬೀದಿಯಲ್ಲಿ ಇನ್ನೊಂದು ಮನೆಗೆ ವೈರ್ ಎಳೆಯುತ್ತಿರುತ್ತಾನೆ.

ಅವರೇ ಕೊಟ್ಟ ಉದಾಹರಣೆಗಳನ್ನು ನೋಡೋಣ. ಡ್ರೈವಿಂಗ್ ಲೈಸೆನ್ಸ್ ದೇಶವೆಲ್ಲ ನಡೆಯುತ್ತದೆ, ಏಕೆಂದರೆ ಅದರ ಹಿಂದೆ ಸಾರಥಿ ಎಂಬ ಒಂದೇ ದತ್ತಾಂಶ ಇದೆ, ರಸ್ತೆಯಲ್ಲಿ ನಿಂತ ಪೊಲೀಸ್ ಸಂಖ್ಯೆ ಹಾಕಿ ನೋಡಬಹುದು. ವೈರ್‌ಮನ್‌ಗಳಿಗೆ ಅಂಥದ್ದು ಎಲ್ಲಿದೆ? ವಕೀಲರ ವಿಷಯದಲ್ಲಿ ಅವರು ಅರ್ಧ ಮಾತ್ರ ಹೇಳಿದ್ದಾರೆ. 30ನೇ ಸೆಕ್ಷನ್ ಹಕ್ಕು ಕೊಡುತ್ತದೆ ನಿಜ, ಆದರೆ 34ನೇ ಸೆಕ್ಷನ್ ಅಡಿ ಹೈಕೋರ್ಟುಗಳು ನಿಯಮ ಮಾಡಬಹುದು. ಬೇರೆ ರಾಜ್ಯದ ವಕೀಲರು ಸ್ಥಳೀಯ ವಕೀಲರೊಬ್ಬರ ಜೊತೆಗೂಡಿಯೇ ಹಾಜರಾಗಬೇಕೆಂಬ ಅಲಹಾಬಾದ್ ಹೈಕೋರ್ಟಿನ ನಿಯಮವನ್ನು 2016ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಕೋರ್ಟಿಗೆ ಕರೆದರೆ ಸಿಗುವ ಒಬ್ಬರು ಬೇಕು. ಮಾತಿನ ಕಸುಬಿಗೇ ಇದು ಬೇಕಾದರೆ ಕರೆಂಟಿನ ಕಸುಬಿಗೆ ಬೇಡವೇ? ಆಸ್ಟ್ರೇಲಿಯಾದಲ್ಲಿ 1992ರಿಂದ 2021ರವರೆಗೆ ಯಾವ ರಾಜ್ಯದ ಯಾವ ಲೈಸೆನ್ಸ್ ಇನ್ನೊಂದರ ಯಾವುದಕ್ಕೆ ಸಮ ಎಂದು ಕೂತು ಪಟ್ಟಿ ಮಾಡಿದರು. ಅಷ್ಟಾದರೂ ತಾನಾಗಿ ಮಾನ್ಯವಾಗುವ ಏರ್ಪಾಟು ಶುರುವಾದಾಗ ಕ್ವೀನ್ಸ್‌ಲ್ಯಾಂಡ್ ಹೊರಗೇ ಉಳಿಯಿತು.

ನಮ್ಮಲ್ಲಿ ಆ ಪಟ್ಟಿಯ ಮೊದಲ ಸಾಲನ್ನೂ ಯಾರೂ ಬರೆದಿಲ್ಲ. ಕರ್ನಾಟಕದಲ್ಲಿ ಗುತ್ತಿಗೆದಾರರದು ಸೂಪರ್ ಗ್ರೇಡ್, ಒಂದನೇ ದರ್ಜೆ, ಎರಡನೇ ದರ್ಜೆ. ಕೇರಳದಲ್ಲಿ ಎ, ಬಿ, ಸಿ. ತಮಿಳುನಾಡಿನಲ್ಲಿ ಇಎ, ಇಎಸ್‌ಎ, ಇಬಿ ಮುಂತಾದವು. ಯಾವ ದರ್ಜೆಗೆ ಎಷ್ಟು ವೋಲ್ಟೇಜಿನ, ಎಷ್ಟು ಲೋಡಿನ ಕೆಲಸ ಎಂಬ ಮಿತಿ ಒಂದೊಂದು ಕಡೆ ಒಂದೊಂದು. ಎರಡನ್ನು ಅಕ್ಕಪಕ್ಕ ಇಟ್ಟು ಇದು ಅದಕ್ಕೆ ಸಮ ಎಂದು ಯಾರಾದರೂ ಹೇಳುವ ಮೊದಲೇ ಬಾಗಿಲು ತೆರೆದರೆ, ಎಲ್ಲಿ ಸುಲಭವಾಗಿ ಸಿಗುತ್ತದೋ ಅಲ್ಲಿಂದ ಲೈಸೆನ್ಸ್ ತಂದು ಎಲ್ಲೆಡೆ ಚಲಾಯಿಸುವ ದಂಧೆ ಹುಟ್ಟುತ್ತದೆ. ಔಷಧ ಅಂಗಡಿಗಳಲ್ಲಿ ಫಾರ್ಮಸಿಸ್ಟ್ ಸರ್ಟಿಫಿಕೇಟ್ ಗೋಡೆಯ ಮೇಲೆ, ಮನುಷ್ಯ ಇನ್ನೆಲ್ಲೋ ಎಂಬುದನ್ನು ನಾವು ಕಂಡಿದ್ದೇವೆ. ಏಳು ದಿನದಲ್ಲಿ ಉತ್ತರ ಬರದಿದ್ದರೆ ಸರಿ ಎಂದೇ ಅರ್ಥ ಎಂಬ ಸಲಹೆ ಈ ದಂಧೆಗೆ ಹಾಸಿಗೆ ಹಾಸಿಕೊಟ್ಟಂತೆ. ಪತ್ರಕ್ಕೆ ಏಳು ದಿನದಲ್ಲಿ ಉತ್ತರಿಸುವ ಸರ್ಕಾರಿ ಕಚೇರಿ ಯಾವುದು?

ಇನ್ನು, ವಿದ್ಯೆ ಎಲ್ಲ ಕಡೆ ಒಂದೇ ಎಂಬ ಮಾತು. ಮಾನಕ ಒಂದೇ, ನೆಲ ಒಂದೇ ಅಲ್ಲ. ಐಎಸ್ 3043 ಪ್ರಕಾರ ಪೈಪ್ ಅರ್ಥಿಂಗಿಗೆ ಕನಿಷ್ಠ 2.5 ಮೀಟರ್ ಉದ್ದದ ಪೈಪ್ ಬೇಕು. ವಿಜಯಪುರದ ಎರೆಮಣ್ಣಿನಲ್ಲಿ ಮಳೆಗಾಲಕ್ಕೆ ಅದು ಚೆನ್ನಾಗಿ ಓಡುತ್ತದೆ. ಬೇಸಿಗೆಯಲ್ಲಿ ಮಣ್ಣು ಬಿರಿದು ಪೈಪಿನ ಸುತ್ತ ಸಂದು ಬಿಟ್ಟುಕೊಂಡರೆ ಅರ್ಥ್ ರೆಸಿಸ್ಟೆನ್ಸ್ ಹಲವು ಪಟ್ಟು ಏರುತ್ತದೆ. ಕರಾವಳಿಯ ಮುರಕಲ್ಲಿನಲ್ಲಿ ಮೂಲತಃ ರೆಸಿಸ್ಟೆನ್ಸ್ ಹೆಚ್ಚು, ಜೊತೆಗೆ ಉಪ್ಪುಗಾಳಿಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ಕ್ಲಾಂಪ್ ತುಕ್ಕು ಹಿಡಿದು ಪೈಪ್ ಇದ್ದೂ ಇಲ್ಲದಂತಾಗುತ್ತದೆ. ಕೋಲಾರ, ಚಿತ್ರದುರ್ಗದ ಬಂಡೆಯಲ್ಲಿ 2.5 ಮೀಟರ್ ಇಳಿಯುವುದೇ ಕಷ್ಟ. ಎರಡು ಮೂರು ಗುಂಡಿ ತೋಡಿ ಜೋಡಿಸಬೇಕು, ಒಂದರಿಂದ ಒಂದಕ್ಕೆ ಪೈಪಿನ ಉದ್ದದ ಎರಡರಷ್ಟು, ಅಂದರೆ 5 ಮೀಟರ್ ಅಂತರ ಇರಬೇಕು. ಅಭ್ಯಾಸವಿಲ್ಲದವನು ಜಾಗ ಉಳಿಸಲು ಒಂದು ಮೀಟರಿಗೊಂದು ಹೂಳುತ್ತಾನೆ. ಪೈಪ್ ಮೂರಾದರೂ ಉಪಯೋಗ ಒಂದೂವರೆಯದು.

ಇದಕ್ಕಿಂತ ಅಪಾಯ ನ್ಯೂಟ್ರಲ್‌ನದು. ಹಳ್ಳಿಯ ತಂತಿಮಾರ್ಗದಿಂದ ಬರುವ ಸಂಪರ್ಕದಲ್ಲಿ ಸಾಮಾನ್ಯವಾಗಿ ಗ್ರಾಹಕನ ಅರ್ಥ್ ಅವನದೇ, ಎಸ್ಕಾಂ ನ್ಯೂಟ್ರಲ್‌ಗೂ ಅದಕ್ಕೂ ಮನೆಯಲ್ಲಿ ಸಂಬಂಧವೇ ಇರಬಾರದು. ದೊಡ್ಡ ನಗರದ ನೆಲದಡಿ ಕೇಬಲ್‌ನಲ್ಲಿ ಸರಬರಾಜುದಾರನೇ ಅರ್ಥ್ ಕೊಟ್ಟಿರುವ ಜಾಗಗಳಿವೆ. ಅಲ್ಲಿ ಕೆಲಸ ಕಲಿತವನು ಇಲ್ಲಿ ಬಂದು ಮೀಟರ್ ಬೋರ್ಡಿನಲ್ಲಿ ನ್ಯೂಟ್ರಲ್ ಮತ್ತು ಅರ್ಥ್ ಎರಡನ್ನೂ ಕೂಡಿಸಿದನೆನ್ನಿ. ಆರ್‌ಸಿಸಿಬಿಯ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ನಂತರ ಕೂಡಿಸಿದ್ದರೆ ಅದು ಟ್ರಿಪ್ ಆಗುತ್ತಲೇ ಇರುತ್ತದೆ, ಕಿರಿಕಿರಿಗೆ ಮನೆಯವರೇ ಅದನ್ನು ಬೈಪಾಸ್ ಮಾಡಿಸುತ್ತಾರೆ. ಆರ್‌ಸಿಸಿಬಿಗಿಂತ ಮೊದಲೇ ಕೂಡಿಸಿದ್ದರೆ ಹೊರಗೆ ನೋಡಲು ಎಲ್ಲ ಸರಿ. ಗಾಳಿಮಳೆಗೆ ಕಂಬದಲ್ಲಿ ನ್ಯೂಟ್ರಲ್ ತುಂಡಾದ ದಿನ ಫ್ರಿಜ್, ಗೀಸರ್, ಮೋಟಾರಿನ ಲೋಹದ ಮೈಗೆಲ್ಲ ಕರೆಂಟ್ ಬರುತ್ತದೆ.

ಎಂಸಿಬಿ ಇದೆಯಲ್ಲ ಎಂದು ಸಮಾಧಾನ ಪಡುವಂತಿಲ್ಲ. ಅರ್ಥ್ ರೆಸಿಸ್ಟೆನ್ಸ್ 5 ಓಂ ಇದ್ದರೆ ಫೇಸ್ ತಾಗಿದಾಗ ಹರಿಯುವುದು ಹೆಚ್ಚೆಂದರೆ 46 ಆಂಪಿಯರ್. 32 ಆಂಪಿಯರಿನ ಸಿ ಮಾದರಿ ಎಂಸಿಬಿ ತಕ್ಷಣ ಬೀಳಲು ಅದರ ಐದರಿಂದ ಹತ್ತು ಪಟ್ಟು, ಅಂದರೆ 160ರಿಂದ 320 ಆಂಪಿಯರ್ ಬೇಕು. ಇಂಥ ಕಡೆ ಜೀವ ಉಳಿಸುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ ಒಂದೇ. ಅದರ ಟೆಸ್ಟ್ ಬಟನ್ ಒತ್ತಿದರೆ ಒಳಗಿನ ಯಂತ್ರ ಕೆಲಸ ಮಾಡುತ್ತಿದೆ ಎಂದಷ್ಟೇ ತಿಳಿಯುತ್ತದೆ, ಮನೆಯ ಅರ್ಥ್ ಸರಿಯಿದೆ ಎಂದಲ್ಲ.

ರೈತರ ಪಂಪ್‌ಸೆಟ್‌ಗಳ ಲೋಕವೇ ಬೇರೆ. ನಮ್ಮಲ್ಲಿ ಐಪಿ (ನೀರಾವರಿ ಪಂಪ್) ಸೆಟ್‌ಗಳಿಗೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಎಂಬ ಲೆಕ್ಕ. ಉಳಿದ ಹೊತ್ತಿನಲ್ಲಿ ಕೆಪಾಸಿಟರ್ ಹಾಕಿ ಸಿಂಗಲ್ ಫೇಸಿನಲ್ಲೇ ಮೋಟಾರ್ ಓಡಿಸುವುದುಂಟು. ವೈಂಡಿಂಗ್ ಸುಡುವುದು ಹಾಗಿರಲಿ, ಆರಿದೆ ಎಂದುಕೊಂಡ ಫೇಸಿಗೂ ಮೋಟಾರಿನ ಮೂಲಕ ವೋಲ್ಟೇಜ್ ಹಿಂದಕ್ಕೆ ಹೋಗಬಹುದು. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜೋಡಿಸಿದ ಜನರೇಟರಿನದೂ ಇದೇ ಕತೆ. ಲೈನ್ ಕ್ಲಿಯರ್ (ಕರೆಂಟ್ ನಿಲ್ಲಿಸಿದೆ ಎಂಬ ಖಚಿತ ಅನುಮತಿ) ತೆಗೆದುಕೊಂಡು ಕಂಬ ಹತ್ತಿದ ಲೈನ್‌ಮನ್‌ಗೆ ಅದು ತಿಳಿಯುವುದು ಮುಟ್ಟಿದ ಮೇಲೆ. ಯಾವ ಫೀಡರಿನಲ್ಲಿ (ಸರಬರಾಜು ಮಾರ್ಗದಲ್ಲಿ) ಏನು ನಡೆಯುತ್ತದೆ ಎಂಬುದು ಪಠ್ಯಪುಸ್ತಕದಲ್ಲಿಲ್ಲ, ಎಸ್ಕಾಂನ ಸೆಕ್ಷನ್ ಆಫೀಸಿನ ಜೊತೆ ಒಡನಾಟ ಇರುವವನಿಗೆ ಗೊತ್ತು. ಅರ್ಧ ದಿನದ ತರಗತಿಯಲ್ಲಿ ಅರ್ಜಿ ತುಂಬುವುದನ್ನು ಕಲಿಸಬಹುದು, ಇದನ್ನಲ್ಲ.

ಸೋಲಾರ್ ವಿಷಯದಲ್ಲಿ ಅವರ ಪ್ರಶ್ನೆಗೆ ನೇರ ಉತ್ತರ: ಗುಜರಾತಿನ ಸೂಪರ್‌ವೈಸರ್ ಬರಲಿ, ಡಿಸಿ ಕಡೆಯ ರಿಪೋರ್ಟಿಗೆ ಅವನದೇ ಹೆಸರು ಇರಲಿ. ಮೀಟರಿಗೂ ಅರ್ಥಿಗೂ ಸಂಬಂಧಿಸಿದ ಭಾಗಕ್ಕೆ ಇಲ್ಲಿನ ಲೈಸೆನ್ಸ್‌ದಾರ ಜೊತೆಗೆ ಸಹಿ ಹಾಕಲಿ, ಅಳತೆ ತೆಗೆಯುವಾಗ ಅಲ್ಲೇ ನಿಂತಿರಲಿ. ಮೆಗ್ಗರ್ ಮತ್ತು ಅರ್ಥ್ ಟೆಸ್ಟರಿನ ರೀಡಿಂಗಿನ ಫೋಟೊವನ್ನು ದಿನಾಂಕ, ಜಾಗದ ಗುರುತಿನ ಸಮೇತ ಅರ್ಜಿಗೆ ಲಗತ್ತಿಸುವಂತೆ ಎಸ್ಕಾಂಗಳು ಕಡ್ಡಾಯ ಮಾಡಿದರೆ ಬಾಡಿಗೆ ಸಹಿಯ ವ್ಯಾಪಾರ ಅರ್ಧಕ್ಕರ್ಧ ಇಳಿಯುತ್ತದೆ. ಅದಕ್ಕೆ ಯಾವ ರಾಜ್ಯದ ಒಪ್ಪಿಗೆಯೂ ಬೇಡ.

ಮಾನ್ಯತೆ ಬರಲೇಬೇಕು ಎನ್ನುವುದಾದರೆ ಕ್ರಮ ಹೀಗಿರಲಿ. ಮೊದಲು ಎಲ್ಲ ರಾಜ್ಯಗಳ ಪರ್ಮಿಟ್‌ಗಳು ಒಂದೇ ದತ್ತಾಂಶಕ್ಕೆ ಬರಬೇಕು, ಒಂದು ಕಡೆ ಅಮಾನತಾದರೆ ಎಲ್ಲೆಡೆ ಕೆಂಪು ಗುರುತು ಕಾಣಬೇಕು. ಆಮೇಲೆ ವೈರ್‌ಮನ್ ಪರ್ಮಿಟ್, ಏಕೆಂದರೆ ಅವನ ಮೇಲೊಬ್ಬ ಸೂಪರ್‌ವೈಸರ್ ಇರುತ್ತಾನೆ. ಆಮೇಲೆ ಸೂಪರ್‌ವೈಸರ್, ಅದೂ ಪ್ರಾಯೋಗಿಕ ಪರೀಕ್ಷೆ ಎಲ್ಲ ಕಡೆ ಒಂದೇ ಆದ ಮೇಲೆ. ಗುತ್ತಿಗೆದಾರನ ಲೈಸೆನ್ಸ್ ಕೊನೆಗೆ, ಜಿಲ್ಲೆಯೊಳಗೊಂದು ಕಚೇರಿ ಮತ್ತು ಠೇವಣಿ ಇಟ್ಟ ಮೇಲೆ. ಈ ಸಾಲಿನಲ್ಲಿ ಮೊದಲನೆಯದೇ ಇನ್ನೂ ಆಗಿಲ್ಲದಿರುವಾಗ ಕೊನೆಯದಕ್ಕೆ ಆದೇಶ ಹೊರಡಿಸಿದರೆ ಅದರ ಬೆಲೆ ತೆರುವವನು ಸ್ನಾನದ ಮನೆಯಲ್ಲಿ ಗೀಸರ್ ಮುಟ್ಟಿದವನು.